ಅತ್ತೆಯವರ ಕೀಪ್ಯಾಡ್ ಫೋನಿಗೆ ದಿನಕ್ಕೊಂದು ಜಿಬಿ ಯಾಕೆ?

ಸಂಪಾದಕರಿಗೆ ನಮಸ್ಕಾರ. ನಾವು ಹೊಸನಗರ ತಾಲೂಕಿನವರು, ಎರಡು ಎಕರೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಕೆ ಫಸಲು ಅರ್ಧಕ್ಕೆ ಇಳಿದಿದೆ, ಖರ್ಚು ಮಾತ್ರ ಹಂಗೇ ಇದೆ. ಮನೇಲಿ ಐದು ಸಿಮ್ಮು: ಯಜಮಾನ್ರದ್ದು ಎರಡು, ನಂದೊಂದು, ಅತ್ತೆಯವರ ಕೀಪ್ಯಾಡ್ ಫೋನಿಂದು, ಶಿವಮೊಗ್ಗದ ಹಾಸ್ಟೆಲ್‌ನಲ್ಲಿರೋ ಮಗಂದು. ಎಲ್ಲದಕ್ಕೂ 28 ದಿನಕ್ಕೊಂದ್ಸಲ 299 ರೂಪಾಯಿ, ದಿನಕ್ಕೆ ಒಂದು ಜಿಬಿ. ಅದರ ಮೇಲೆ ಫೈಬರ್ ಇಂಟರ್ನೆಟ್ಟಿಗೆ ತಿಂಗಳಿಗೆ ಟ್ಯಾಕ್ಸ್ ಸೇರಿ 471. ಎಲ್ಲರ ಫೋನಲ್ಲೂ ನೆಟ್ ಇದೆಯಲ್ಲ, ಫೈಬರ್ ತೆಗೆಸಿಬಿಡೋಣ ಅಂತಾರೆ ಯಜಮಾನ್ರು. ತೆಗೆಸಬಹುದಾ?
(ಹೆಸರು ಹಾಕಬೇಡಿ ಅಂತ ಬರೆದಿದಾರೆ, ಹಾಕಿಲ್ಲ.)

ಉತ್ತರ ಮೊದಲೇ ಹೇಳ್ಬಿಡ್ತೀನಿ ತಂಗಿ, ಬೇಡ. ಫೈಬರ್ ಮುಟ್ಬೇಡಿ. ಯಾಕೆ ಅಂತ ಹೇಳಕ್ಕೆ ಸ್ವಲ್ಪ ಜಾಸ್ತಿ ಜಾಗ ತಗೋತೀನಿ, ಈ ಸಲದ ಉಳಿದ ಪತ್ರದವರು ಕ್ಷಮಿಸ್ಬೇಕು, ಈ ವಿಷಯ ಬಂದ್ರೆ ನಾನು ಸುಮ್ನಿರಲ್ಲ ಅಂತ ನಮ್ಮ ಆಫೀಸಲ್ಲೆಲ್ಲ ಗೊತ್ತು.

ಮೊದ್ಲು ನಿಮ್ಮನ್ನ ಹೊಗಳ್ಬೇಕು. ಪತ್ರದ ಜೊತೆ ಕ್ಯಾಲೆಂಡರ್ ಹಾಳೆಗಳ ಫೋಟೋ ಕಳಿಸಿದೀರಲ್ಲ, ಹಾಲಿನ ಲೆಕ್ಕ, ಆಳಿನ ಲೆಕ್ಕದ ಪಕ್ಕದಲ್ಲಿ ರೀಚಾರ್ಜ್ ಮಾಡ್ಸಿದ ದಿನಕ್ಕೆ ಕೆಂಪು ಪೆನ್ನಲ್ಲಿ ಗುಂಡು ಸುತ್ತಿರೋದು, ಅದನ್ನ ನೋಡ್ತಾ ಕೂತ್ಬಿಟ್ಟೆ. ಮಾರ್ಚ್‌ನಲ್ಲಿ 31ಕ್ಕಿದ್ದ ಗುಂಡು ಏಪ್ರಿಲಲ್ಲಿ 28ಕ್ಕೆ ಬಂದಿದೆ, ಮೇನಲ್ಲಿ 26, ಜೂನಲ್ಲಿ 23. ಬಾವಿ ಹಗ್ಗ ಜಾರಿದ ಹಂಗೆ ಜಾರ್ಕೊಂಡು ಹೋಗಿದೆ. ತಿಂಗಳು ಅಂದ್ರೆ 30 ದಿನ ಅಂತ ಎಣಿಸೋದು ನಾವು, ಅವ್ರದ್ದು 28, ಹಂಗಾಗಿ ನೀವು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಕೊಡ್ತೀರಿ. 28ನ್ನ 13ರಿಂದ ಗುಣಿಸಿ ನೋಡಿ, 364.

ಈಗ ಲೆಕ್ಕಕ್ಕೆ ಬರೋಣ. ಒಂದು ಸಿಮ್ಮಿಗೆ 299ರ ಹಂಗೆ ಹದಿಮೂರು ಸಲ ಅಂದ್ರೆ 3,887, ಐದಕ್ಕೆ 19,435. ಫೈಬರಿಗೆ ವರ್ಷಕ್ಕೆ 5,652. ಒಟ್ಟು ಇಪ್ಪತ್ತೈದು ಸಾವಿರದ ಮೇಲೆ. ಯಜಮಾನ್ರ ಮಾತು ಕೇಳಿ ಫೈಬರ್ ತೆಗೆಸಿದ್ರೆ ಉಳಿಯೋದು ಆ 5,652, ಅದೂ ಪೂರ್ತಿ ಉಳಿಯಲ್ಲ, ಸಂಜೆ ಧಾರಾವಾಹಿ ಮುಗಿಯೋದ್ರೊಳಗೆ ಒಂದು ಜಿಬಿ ಖಾಲಿಯಾಗಿ ಡೇಟಾ ವೋಚರ್ ಹಾಕ್ಸಕ್ಕೆ ಶುರು ಮಾಡ್ತೀರಿ. ಅದರ ಬದ್ಲು ಫೈಬರ್ ಇಟ್ಕೊಂಡು, ಮನೇಲೇ ಇರೋ ಇಬ್ಬರ ಅಂದ್ರೆ ನಿಮ್ಮದು ಮತ್ತೆ ಅತ್ತೆಯವರದು, ಆ ಎರಡು ಸಿಮ್ಮಿಗೆ ಬರೀ ಮಾತು ಮತ್ತೆ ಎಸ್ಸೆಮ್ಮೆಸ್ಸಿನ ವರ್ಷದ ಪ್ಯಾಕ್ ಹಾಕ್ಸಿ, ಯಜಮಾನ್ರ ಎರಡನೇ ಸಿಮ್ಮು ಬಿಟ್ಬಿಡಿ. ವರ್ಷದ ಪ್ಯಾಕು 1,850ರ ಆಸುಪಾಸು ಅಂತ ಹಿಡ್ಕೊಳ್ಳಿ, ಹಾಕ್ಸೋ ದಿನ ರೇಟ್ ಕೇಳ್ಕೊಳ್ಳಿ. ಎರಡಕ್ಕೆ 3,700, ಯಜಮಾನ್ರದ್ದು ಮಗಂದು ಹಳೇ ಪ್ಲಾನೇ ಇರ್ಲಿ 7,774, ಒಟ್ಟು 11,474. ಉಳಿತಾಯ 7,961. ಫೈಬರೂ ಇರುತ್ತೆ.

ಇಲ್ಲೊಂದು ಸಣ್ಣ ಬೈಗುಳ, ಬೇಜಾರು ಮಾಡ್ಕೋಬೇಡಿ. ಅತ್ತೆಯವರದು ಕೀಪ್ಯಾಡ್ ಫೋನು ಅಂತ ನೀವೇ ಬರೆದಿದೀರಿ, ಅದಕ್ಕೆ ದಿನಾ ಒಂದು ಜಿಬಿ ತಗೊಂಡು ಅವ್ರು ಎಂತ ಮಾಡ್ಬೇಕು, ಉಪ್ಪಿನಕಾಯಿ ಹಾಕದಾ? ಪೇಟೆಗೆ ಹೋದಾಗ ಅಂಗಡಿಯವ್ನ ಹತ್ರ ‘ಐದಕ್ಕೂ ಹಾಕು’ ಅಂದಿರ್ತೀರಿ, ಅವ್ನು ಐದಕ್ಕೂ ಒಂದೇ ಹಾಕಿರ್ತಾನೆ. ಡೇಟಾ ಬೇಡದವರಿಗೆ ಬರೀ ಮಾತಿನ ಪ್ಯಾಕ್ ಇಡ್ಲೇಬೇಕು, ಬೇಕಾದ್ರೆ 365 ದಿನದವರೆಗೂ ಇಡಬಹುದು ಅಂತ ಟ್ರಾಯ್, ಅಂದ್ರೆ ಫೋನ್ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಪ್ರಾಧಿಕಾರ, 2024ರ ಡಿಸೆಂಬರಲ್ಲಿ ನಿಯಮ ಮಾಡ್ತು, ಕಂಪನಿಗಳು ಗೊಣಗ್ತಾ 2025ರ ಜನವರಿಯಲ್ಲಿ ತಂದ್ವು. ಜಾಹೀರಾತಲ್ಲಿ ಕಾಣ್ಸಲ್ಲ, ಆ್ಯಪಲ್ಲೂ ಎಲ್ಲೋ ಕೆಳಗಿರುತ್ತೆ, ಬಾಯಿ ಬಿಟ್ಟು ಕೇಳ್ಬೇಕು.

ಫೈಬರ್ ಬೇಡ, ಮೊಬೈಲೇ ಸಾಕು ಅನ್ನೋರದ್ದೂ ತಪ್ಪಲ್ಲ ಬಿಡಿ. ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಒಬ್ಬನೇ ರೂಮ್ ಮಾಡ್ಕೊಂಡು, ಬೆಳಿಗ್ಗೆ ಹೋಗಿ ರಾತ್ರಿ ಬರೋ ಹುಡುಗನಿಗೆ ಫೈಬರ್ ದಂಡ. ಅಲ್ಲಿ ಟವರ್ ಕೂಗಳತೆಯಲ್ಲಿದೆ.

ನಮ್ಮ ಕಡೆ ಹಂಗಲ್ವಲ್ಲ. ಮನೆ ಅನ್ನೋದು ಎರಡು ಗುಡ್ಡದ ಸಂದೀಲಿ ತೋಟದ ತಲೆ ಮೇಲೆ ಇರುತ್ತೆ, ಸಿಗ್ನಲ್ ಗುಡ್ಡದ ಆ ಕಡೆ. ನನ್ನ ಚಿಕ್ಕಮ್ಮನ ಮನೆ ನಿಮ್ಮ ತಾಲೂಕಿನ ನಗರ ಅನ್ನೋ ಊರಿನ ಹತ್ರ. ಅವ್ರ ಮನೇಲಿ ಸಿಗ್ನಲ್ ಬರೋದು ಒಂದೇ ಜಾಗದಲ್ಲಿ, ಅಡುಗೆಮನೆ ಕಿಟಕಿಯ ಎಡಗಡೆ ಸರಳಿನ ಹತ್ರ. ಅಲ್ಲೊಂದು ಮೊಳೆ ಹೊಡೆದು, ಪ್ಲಾಸ್ಟಿಕ್ ಕೊಟ್ಟೆಯೊಳಗೆ ಫೋನಿಟ್ಟು ನೇತು ಹಾಕಿದ್ರು, ಮಳೆ ಎರಚಲು ಬೀಳ್ದಿರ್ಲಿ ಅಂತ ಕೊಟ್ಟೆ ಬಾಯಿಗೆ ಬಾಳೆನಾರು. ರಿಂಗಾದ್ರೆ ಹಿಟ್ಟಿನ ಕೈಯಲ್ಲೇ ಸ್ಪೀಕರ್ ಒತ್ತಿ, ಸರಳಿಗೆ ಕಿವಿ ಕೊಟ್ಟು ‘ಯಾರು? ಜೋರಾಗ್ ಹೇಳಿ’ ಅಂತ ಕೂಗೋರು, ಕೊಟ್ಟಿಗೇಲಿರೋ ದನಕ್ಕೂ ಸುದ್ದಿ ಗೊತ್ತಾಗೋದು. ಫೋನ್ ಕೈಗೆ ತಗೊಂಡ್ರೆ ಕಟ್. ಮಗಳು ಬಾಣಂತನಕ್ಕೆ ಬಂದಾಗ ಅಳಿಯ ಒತ್ತಾಯ ಮಾಡಿ ಫೈಬರ್ ಹಾಕ್ಸಿದ, ಆಮೇಲೆ ಫೋನಿನ ಸೆಟ್ಟಿಂಗ್ಸಲ್ಲಿ ವೈಫೈ ಕಾಲಿಂಗ್ ಅನ್ನೋದನ್ನ ಆನ್ ಮಾಡ್ಕೊಟ್ಟ. ಅಷ್ಟೇ. ಈಗ ಒಂದು ಗೀರು ಸಿಗ್ನಲ್ ಇಲ್ದೆ ಇದ್ರೂ ಮಾಮೂಲಿ ನಂಬರಿಗೇ ಕಾಲ್ ಬರುತ್ತೆ, ಮಾತು ಹೋಗೋದು ಮನೆ ವೈಫೈ ಮೇಲೆ, ಬೇರೆ ಆ್ಯಪ್ ಬೇಡ, ಬೇರೆ ಚಾರ್ಜಿಲ್ಲ. 2019-20ರಿಂದ ಇದೆ ಇದು, ಫೋನು ಕಂಪನಿ ಎರಡೂ ಅದಕ್ಕೆ ಆಗೋವಂಥದ್ದಾಗಿರ್ಬೇಕು ಅಷ್ಟೇ. ನಿಮ್ಮ ಫೋನಲ್ಲಿ ಇವತ್ತೇ ನೋಡಿ. ಮೊಳೆ ಇನ್ನೂ ಅಲ್ಲೇ ಇದೆ, ಚಿಕ್ಕಮ್ಮ ಅದಕ್ಕೆ ಸೋಸೋ ಜರಡಿ ನೇತು ಹಾಕಿದಾರೆ.

ಮಾತಿನ ಪ್ಯಾಕ್ ಹಾಕ್ಸಿದ್ರೆ ಹೊರಗಡೆ ಹೋದಾಗ ನೆಟ್ ಇಲ್ವಲ್ಲ ಅಂತೀರಿ. ನೀವು ಹೊರಗೆ ಹೋಗೋದು ಸಂಘದ ಮೀಟಿಂಗಿಗೆ, ಸಂತೆಗೆ, ಮದುವೆ ಮನೆಗೆ ಅಂತ ಬರೆದಿದೀರಿ. ಮದುವೆ ಮನೇಲಿ ಯಜಮಾನ್ರ ಹಾಟ್‌ಸ್ಪಾಟ್ ತಗೊಳ್ಳಿ, ಅವ್ರು ಎಲ್ಲಿದಾರೆ ಅಂತಲೂ ಗೊತ್ತಿರುತ್ತೆ.

ಇನ್ನೊಂದು, ಫೈಬರ್ ಡಬ್ಬದ ಹಿಂದೆ ಫೋನಿನ ಪಿನ್ ಚುಚ್ಚೋ ಸಣ್ಣ ತೂತು ಇದೆಯಾ ನೋಡಿ. ಎಷ್ಟೋ ಪ್ಲಾನಲ್ಲಿ ಲ್ಯಾಂಡ್‌ಲೈನ್ ನಂಬರೂ, ಅದರಿಂದ ಎಷ್ಟು ಬೇಕಾದ್ರೂ ಮಾತಾಡೋದೂ ಸೇರೇ ಇರುತ್ತೆ, ದುಡ್ಡು ಕೊಡ್ತಾ ಇರ್ತೀವಿ, ಸೆಟ್ ಮಾತ್ರ ಹಾಕಿರಲ್ಲ. ಅಟ್ಟದ ಮೇಲಿರೋ ಹಳೇ ಸೆಟ್ ಒರೆಸಿ ಚುಚ್ಚಿ, ಜಗಲಿಯಲ್ಲಿಡಿ. ಮೊಬೈಲಿಗೆ ಮಾಡೋವಾಗ ಮುಂದೆ ಸೊನ್ನೆ ಹಾಕ್ಬೇಕು, 2021ರ ಜನವರಿಯಿಂದ ಹಂಗೆ, ಅತ್ತೆಯವರಿಗೆ ಇದೊಂದು ಹೇಳ್ಕೊಡಿ. ಆಮೇಲೆ ಅವ್ರಿಗೆ ಸಿಮ್ಮೇ ಬೇಡ ಅನ್ನೋದು ನನ್ನ ವಾದ, ಮಗಳ ಮನೆಗೆ ಹೋದಾಗ ಬೇಕು ಅಂತೀರಾದ್ರೆ ಇರ್ಲಿ.

ನನಗೆ ಈ ಮನೆ ಫೋನಿನ ಹುಚ್ಚು ಹಳೇದು. ಊರಿಗೆಲ್ಲ ಒಂದೇ ಮನೇಲಿ ಫೋನಿದ್ದ ಕಾಲದವ್ನು ನಾನು, ಮದುವೆ ಕಾಗದದಲ್ಲಿ ನಂಬರಿನ ಮುಂದೆ ಪಿಪಿ ಅಂತ ಹಾಕ್ತಿದ್ವಿ, ಅಂದ್ರೆ ಪಕ್ಕದ್ಮನೆ ನಂಬರ್ರು, ಕರೆದು ಕೊಡ್ತಾರೆ ಅಂತ. ಕರೆಯಕ್ಕೆ ಬಂದ ಹುಡುಗಂಗೆ ಒಂದು ಬೆಲ್ಲದ ಚೂರು. ಹಳ್ಳಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಬಂದ ಕಥೇಲಿ ನಮ್ಮ ರಾಜ್ಯಕ್ಕೇ ಮೊದಲ ಮಣೆ, ಗೊತ್ತಾ, ಸಿ-ಡಾಟ್ ಅನ್ನೋ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆಯವರು ಹಳ್ಳಿಗೆ ಅಂತಲೇ ಮಾಡಿದ ಎಕ್ಸ್‌ಚೇಂಜ್ ಮೊದಲು ಕೂತಿದ್ದು 1986ರಲ್ಲಿ ಕಿತ್ತೂರಲ್ಲಿ. ಎಸಿ ರೂಮ್ ಬೇಡ, ಧೂಳು ಸೆಖೆ ತಡ್ಕೊಳ್ಳುತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ. ಆ ತಾಮ್ರದ ಲೈನಿಗೆ ಎಕ್ಸ್‌ಚೇಂಜಿಂದಲೇ 48 ವೋಲ್ಟ್ ಬರ್ತಿತ್ತು, ಹಂಗಾಗಿ ಮಳೆಗಾಲದಲ್ಲಿ ವಾರಗಟ್ಲೆ ಕರೆಂಟಿಲ್ದೆ ಇದ್ರೂ ರಿಸೀವರ್ ಎತ್ತಿದ್ರೆ ಜೀವ ಇರೋದು. ಸಿಡಿಲು ಬಂದ್ರೆ ಮಾತ್ರ ಓಡಿಹೋಗಿ ಪಿನ್ ಕೀಳ್ಬೇಕಿತ್ತು.

ಫೈಬರಿಗೆ ಆ ಜೀವ ಇಲ್ಲ, ಅದನ್ನೂ ಹೇಳ್ಬೇಕು, ಇಲ್ದಿದ್ರೆ ಏಕಪಕ್ಷೀಯ ಅಂತೀರಿ. ಕರೆಂಟ್ ಹೋದ್ರೆ ಅದೂ ಹೋಯ್ತು. ಇನ್ವರ್ಟರ್ ಇಲ್ದಿದ್ರೆ ರೌಟರಿಗೆ ಅಂತಲೇ ಸಣ್ಣ ಯುಪಿಎಸ್ ಬರುತ್ತೆ, ಸಾವಿರ ಚಿಲ್ಲರೆ, ನಿಮ್ಮ ಉಳಿತಾಯದಲ್ಲೇ ತಗೊಳ್ಳಿ. ಫೈಬರ್ ದಾರ ಗಾಜಿಂದು, ಸಿಡಿಲು ಅದರಲ್ಲಿ ಹರಿಯಲ್ಲ, ಆದ್ರೆ ಅಡಾಪ್ಟರ್ ಕರೆಂಟಿನ ಪ್ಲಗ್ಗಲ್ಲಿದೆಯಲ್ಲ, ಗುಡುಗಿದ್ರೆ ಅದನ್ನ ಕಿತ್ತಿಡಿ. ಮತ್ತೆ ಮಂಗ. ನಮ್ಮಲ್ಲಿ ಕೇಬಲ್ಲು ಅಡಕೆ ಮರದಿಂದ ಹಲಸಿನ ಮರಕ್ಕೆ, ಅಲ್ಲಿಂದ ಕರೆಂಟ್ ಕಂಬಕ್ಕೆ, ಮಂಗಗಳಿಗೆ ಜೋಕಾಲಿ ಕಟ್ಟಿಕೊಟ್ಟ ಹಂಗೆ. ಹೋದ ಆಷಾಢದಲ್ಲಿ ನಮ್ಮನೆ ಲೈನು ಒಂಬತ್ತು ದಿನ ಸತ್ತಿತ್ತು. ಕೊನೆಗೆ ಲೈನಿನ ಹುಡುಗ ಕಂಬಳಿಕೊಪ್ಪೆ ಹಾಕ್ಕೊಂಡು ಬಂದ, ಮುರಿದ ಕೊಂಬೆಯ ಕೆಳಗೆ ಕೂತು ಕೂದಲೆಳೆಯಂಥ ಗಾಜಿನ ತುದಿ ಎರಡನ್ನೂ ಒರೆಸಿ, ಪೆಟ್ಟಿಗೆಯಂಥ ಮೆಷಿನ್ನಲ್ಲಿಟ್ಟು ಬೆಸೆದ, ನಾನು ಕೊಡೆ ಹಿಡ್ಕೊಂಡಿದ್ದೆ ಮೆಷಿನ್ನಿಗೆ, ಅವ್ನು ಪೂರ್ತಿ ನೆಂದಿದ್ದ. ಒಂಬತ್ತು ದಿನದ ದುಡ್ಡು ಬಿಲ್ಲಲ್ಲಿ ಕಳೀಲಿಲ್ಲ ಯಾರೂ, ನಾನೇ ಕಂಪ್ಲೇಂಟ್ ನಂಬರ್ ಇಟ್ಕೊಂಡು ಮೂರು ಸಲ ಕೇಳಿದ ಮೇಲೆ ಕಳೆದ್ರು. ಕಂಪ್ಲೇಂಟ್ ಕೊಟ್ಟಾಗ ನಂಬರ್ ತಗೊಳ್ದೆ ಫೋನಿಡ್ಬೇಡಿ.

ಸಿಟ್ಟು ಬರೋದು ಎಲ್ಲಿ ಗೊತ್ತಾ. 1995ರಲ್ಲಿ ಈ ದೇಶಕ್ಕೆ ಮೊಬೈಲ್ ಬಂದಾಗ ಬಂದ ಕಾಲಿಗೂ ದುಡ್ಡಿತ್ತು, 2003ರ ಮೇ 1ರಿಂದ ಇನ್‌ಕಮಿಂಗ್ ಫ್ರೀ ಅಂತ ಮಾಡಿದ್ರು, ಅದಕ್ಕೇ ತಾನೆ ಅಡಕೆ ಕೊನೆ ತೆಗೆಯೋರ ಕೈಗೂ ಫೋನ್ ಬಂದಿದ್ದು, ಹತ್ತು ರೂಪಾಯಿ ಬ್ಯಾಲೆನ್ಸಿಟ್ಕೊಂಡು ಮಿಸ್ ಕಾಲಲ್ಲೇ ಸಂಸಾರ ನಡೀತಿತ್ತು. 2018ರ ಕೊನೆಗೆ ಕನಿಷ್ಠ ರೀಚಾರ್ಜ್ ಅಂತ ತಂದ್ರು, ಈಗ ರೀಚಾರ್ಜ್ ಇಲ್ದಿದ್ರೆ ಬರೋ ಕಾಲೂ ಬಂದ್. ಮುಂಬಾಗಿಲಲ್ಲಿ ಕಳಿಸಿದ್ದು ಬಚ್ಚಲ ಬಾಗಿಲಲ್ಲಿ ಒಳಗೆ ಬಂತು. 28 ದಿನದ ಮೇಲೆ ಜನ ಗಲಾಟೆ ಮಾಡಿದ್ದಕ್ಕೆ 2022ರ ಜನವರಿಯಲ್ಲಿ ಟ್ರಾಯ್, 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರೋದೊಂದು ಪ್ಲಾನ್ ಇಡ್ಲೇಬೇಕು ಅಂತ ಹೇಳ್ತು. ಇಟ್ಟಿದಾರೆ, ಒಂದೊಂದು. ಎದುರಿಗೆ ಜೋಡ್ಸಿರೋದು ಮಾತ್ರ 28, 56, 84.

ನಾವು ಕೊಡೋ ರೇಟು ಬೆಂಗಳೂರಿನ ಜಯನಗರದವರು ಕೊಡೋ ರೇಟೇ. ಹುಲಿಕಲ್ ಘಾಟಿ ಹತ್ರ ಸಿಗ್ನಲ್ಲು ಅರ್ಧ ಗೀರು ಅಂತ ಅರ್ಧ ದುಡ್ಡು ತಗೊಳ್ತಾರಾ? ಹಳ್ಳಿಗೆ ಫೋನ್ ಮುಟ್ಸಕ್ಕೆ ಅಂತಲೇ 2002ರಿಂದ ಒಂದು ನಿಧಿ ಇದೆ, ಈಗ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು, ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದು ಅದಕ್ಕೆ ಹೋಗುತ್ತೆ, ಆ ಆದಾಯ ನಿಮ್ಮ 299ರಿಂದಲೂ ಬಂದಿದ್ದು ತಾನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ, ನಾಡಿಗೆಲ್ಲ ಕರೆಂಟ್ ಸಿಕ್ತು, ಹಿನ್ನೀರಾಚೆ ತುಮರಿ ಕಡೆಯವ್ರು ಲಾಂಚಿಗೆ ಕಾಯ್ತಾ ಕೂತ್ರು, ಸೇತುವೆ ಮೇಲೆ ಬಸ್ ಹೋಗಕ್ಕೆ 2025ರ ಜುಲೈ ಬರ್ಬೇಕಾಯ್ತು. ಆ ಹೊತ್ತಿಗೆ ಲಾಂಚಲ್ಲಿ ದನಿ ಕೇಳಿಸ್ದೆ ‘ಹಲೋ ಹಲೋ’ ಅಂದಿದ್ದ ಹುಡುಗ್ರೆಲ್ಲ ಬೆಂಗಳೂರು ಸೇರಾಗಿತ್ತು. ಲಾಕ್‌ಡೌನಲ್ಲಿ ವಾಪಸ್ ಬಂದೋರು ಗುಡ್ಡದ ನೆತ್ತೀಲಿ ಟಾರ್ಪಾಲ್ ಕಟ್ಕೊಂಡು ಮೀಟಿಂಗ್ ಮಾಡಿದ್ದು ನಾವೆಲ್ಲ ನೋಡಿದೀವಿ. ಈಗ ಮನೆ ಬಾಗಿಲಿಗೆ ಒಂದು ಎಳೆ ಫೈಬರ್ ಬಂದಿದೆ, ಅದನ್ನ ನೀವು ಕಿತ್ತು ಹಾಕ್ತೀನಿ ಅಂತೀರಿ, ನಾನು ಸುಮ್ನಿರ್ಲಾ? ಊರಲ್ಲಿ ನಾಲ್ಕು ಮನೆ ಕಿತ್ರೆ ಐದನೇ ಮನೆಗೆ ಅಂತ ಆ ಹುಡುಗ ಕಂಬಳಿಕೊಪ್ಪೆ ಹಾಕ್ಕೊಂಡು ಬರಲ್ಲ.

ಇರ್ಲಿ, ಯಜಮಾನ್ರ ಎರಡನೇ ನಂಬರಿನ ವಿಷಯ ಬಿಟ್ಟೇ ಹೋಗಿತ್ತು. ಅವಸರಕ್ಕೆ ಸಿಮ್ ಮುರಿದು ಒಲೆಗೆ ಹಾಕ್ಬೇಡಿ. ಬ್ಯಾಂಕು, ಆಧಾರ್, ಗ್ಯಾಸು, ಅಡಕೆ ಮಂಡಿ, ಸೊಸೈಟಿ, ಎಲ್ಲಿ ಆ ನಂಬರ್ ಕೊಟ್ಟಿದಾರೋ ಒಂದು ಚೀಟಿ ಮಾಡಿ, ಒಂದೊಂದೇ ಕಡೆ ಬದಲಾಯಿಸಿ, ಯಾಕಂದ್ರೆ ಬಿಟ್ಟ ನಂಬರ್ ಮೂರ್ನಾಲ್ಕು ತಿಂಗಳಾದ ಮೇಲೆ ಇನ್ಯಾರದೋ ಕೈಗೆ ಹೋಗಬಹುದು, ಆಮೇಲೆ ನಿಮ್ಮ ಓಟಿಪಿ ಅವ್ರಿಗೆ. ಇಪ್ಪತ್ತು ರೂಪಾಯಿ ಬ್ಯಾಲೆನ್ಸಿದ್ರೆ ನಂಬರ್ ಉಳಿಯುತ್ತೆ ಅಂತ ಅಂಗಡೀಲಿ ಹೇಳ್ತಾರೆ, ನಿಜ, ಅಂಥದ್ದೊಂದು ನಿಯಮ ಇದೆ, 90 ದಿನ ಬಳಸ್ದೆ ಇದ್ರೆ ಇಪ್ಪತ್ತು ಕಳೆದು ಮತ್ತೆ 30 ದಿನ ಉಳಿಸ್ತಾರೆ, ಆದ್ರೆ ಅದರಲ್ಲಿ ನಂಬರ್ ಸಾಯಲ್ಲ ಅಷ್ಟೇ, ಓಟಿಪಿ ಬರುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ. ಅಷ್ಟು ಮಾಡಿ, ಮುಂದಿನ ಕೊಯ್ಲು ಮುಗಿದ ಮೇಲೆ ಕ್ಯಾಲೆಂಡರ್ ಫೋಟೋ ಇನ್ನೊಂದ್ಸಲ ಕಳಿಸಿ. ಕೆಂಪು ಗುಂಡು ಎಷ್ಟು ಉಳಿದಿದೆ ಅಂತ ನನಗೆ ಎಣಿಸ್ಬೇಕು.