ಅರ್ಧ ದಿನ ಸಾಕಾಗಲ್ಲ, ಇಡೀ ದಿನ ಇಟ್ಟುಕೊಳ್ಳಿ

ಸಿಂಹ, ಜಿರಾಫೆ ಏನೂ ಇಲ್ಲದ, ಆ ಸೀಮೆಯದೇ ಪ್ರಾಣಿಗಳು ಮತ್ತು ಹದ್ದು, ಗೂಬೆಯಂಥ ಬೇಟೆಯಾಡುವ ಹಕ್ಕಿಗಳಷ್ಟೇ ಇರುವ ಪಾರ್ಕ್‌ಗೆ ಅರ್ಧ ದಿನ ಸಾಕಾ, ಮಕ್ಕಳಿಗೆ ಬೇಜಾರಾಗಲ್ವಾ ಎಂದು ಕೇಳಿದ್ದೀರಿ. ನಾವು ಮೊದಲ ಸಲ ಹೋದಾಗ ಅರ್ಧ ದಿನವೇ ಇಟ್ಟುಕೊಂಡಿದ್ದೆವು, ಅದೂ ಮಟಮಟ ಮಧ್ಯಾಹ್ನ. ನರಿ ಪೊದೆಯೊಳಗೆ ಮಲಗಿತ್ತು, ಕಾಡುಬೆಕ್ಕು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಬೋರ್ಡ್ ಓದಿಕೊಂಡು ವಾಪಸ್ ಬಂದೆವು.

ಇಂಥ ಪ್ರಾಣಿಗಳು ಜಾಸ್ತಿ ಓಡಾಡುವುದು ಬೆಳಗ್ಗೆ ಬೇಗ, ಇಲ್ಲವೇ ಸಂಜೆ. ಮೈಬಣ್ಣವೂ ಅಲ್ಲಿನ ಮಣ್ಣು, ತರಗೆಲೆಯ ಬಣ್ಣವೇ ಅಲ್ವಾ, ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ಗೇಟು ತೆಗೆಯುವ ಹೊತ್ತಿಗೇ ಹೋಗಿ, ಎಲ್ಲವನ್ನೂ ನೋಡಿ ಮುಗಿಸುವ ಆತುರ ಬಿಟ್ಟು ಒಂದೇ ಕಡೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ಒಂದು ಕಿವಿ ಅಲ್ಲಾಡಿದರೂ ಮೊದಲು ಕಾಣುವುದು ಮಕ್ಕಳಿಗೇ.

ಬೇಟೆ ಹಕ್ಕಿಗಳನ್ನು ಜನರ ಮುಂದೆ ಹಾರಿಸಿ ತೋರಿಸುವ ಸಮಯವನ್ನು ಗೇಟಿನಲ್ಲೇ ಕೇಳಿಕೊಳ್ಳಿ. ಮಳೆ, ಜೋರು ಗಾಳಿ ಇದ್ದರೆ ಹಾರಿಸುವುದಿಲ್ಲ. ಹಾರಿಸುವ ಮುಂಚೆ ಪ್ರತಿ ಹಕ್ಕಿಯನ್ನೂ ತೂಗಿ ನೋಡುತ್ತಾರೆ, ಯಾಕೆಂದರೆ ಹೊಟ್ಟೆ ತುಂಬಿದ ಹಕ್ಕಿ ಕರೆದರೆ ಕೈಗೆ ಬರುವುದಿಲ್ಲ, ಎಲ್ಲೋ ಮರದ ಮೇಲೆ ಹೋಗಿ ಕೂತುಬಿಡುತ್ತದೆ. ಹಾರುವಾಗ ಎದ್ದು ನಿಲ್ಲಬೇಡಿ, ಮಗುವನ್ನು ಹೆಗಲ ಮೇಲೆ ಕೂರಿಸಬೇಡಿ, ಫ್ಲ್ಯಾಶ್ ಹಾಕಲೇಬೇಡಿ. ತುಂಬಾ ಕೆಳಗೆ ಹಾರುತ್ತವೆ.

ಎರಡನೇ ಸಲ ಹೋದಾಗ ಒಂದು ಕಣಜ ಗೂಬೆ ನನ್ನ ತಲೆಯಿಂದ ಒಂದು ಗೇಣು ಮೇಲೆ ಹಾದುಹೋಯಿತು. ಕೂದಲಿಗೆ ಗಾಳಿ ತಾಗಿತು, ಸದ್ದು ಮಾತ್ರ ಒಂದಿಷ್ಟೂ ಇಲ್ಲ! ಆಮೇಲೆ ಹಕ್ಕಿ ನೋಡಿಕೊಳ್ಳುವವರು ಉದುರಿದ ಗರಿಯೊಂದನ್ನು ಮಗಳ ಕೈಗೆ ಕೊಟ್ಟು ಅಂಚು ಮುಟ್ಟಿ ನೋಡು ಅಂದರು. ಬಾಚಣಿಗೆ ಹಲ್ಲಿನಂಥ ಸಣ್ಣ ಸಣ್ಣ ಎಳೆಗಳು. ಗಾಳಿಯ ಸದ್ದನ್ನು ಅಡಗಿಸುವುದರಲ್ಲಿ ಅವುಗಳದ್ದೂ ಪಾಲಿದೆ. ಈ ಗೂಬೆಯ ಕಿವಿಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವಂತೆ, ಅದಕ್ಕೇ ಕಗ್ಗತ್ತಲಲ್ಲೂ ಇಲಿ ಎಲ್ಲಿದೆ ಎಂದು ಸದ್ದಿನಿಂದಲೇ ಹಿಡಿಯುತ್ತದೆ.

ಕಾಲಿಗೆ ಪಟ್ಟಿ ಕಟ್ಟಿ ಕೂರಿಸಿದ ಹದ್ದನ್ನು ನೋಡಿ ಮಕ್ಕಳು ಯಾಕೆ ಕಟ್ಟಿದ್ದಾರೆ ಎಂದು ಕೇಳಿದರೆ ಮಾತು ಮರೆಸಬೇಡಿ, ನೇರವಾಗಿ ಅಲ್ಲಿಯವರನ್ನೇ ಕೇಳಲು ಹೇಳಿ. ನಮಗೆ ತೋರಿಸಿದ ಹದ್ದಿನ ರೆಕ್ಕೆ ಮುರಿದು ವಕ್ರವಾಗಿ ಕೂಡಿಕೊಂಡಿತ್ತು, ಮತ್ತೆ ಕಾಡಿಗೆ ಬಿಟ್ಟರೆ ಬದುಕುತ್ತಿರಲಿಲ್ಲ.

ಹಾಂ, ಗೂಬೆ ಕಕ್ಕಿದ ಉಂಡೆ ಇದೆಯಾ ಎಂದೂ ಕೇಳಿ. ಜೀರ್ಣವಾಗದ ಕೂದಲು, ಮೂಳೆ ಎಲ್ಲ ಅದರೊಳಗೆ ಇರುತ್ತದೆ. ಮಗಳು ಕಡ್ಡಿಯಲ್ಲಿ ಬಿಡಿಸುತ್ತಾ ಕೂತು ಹಲ್ಲು ಸಮೇತ ಇಲಿಯ ತಲೆಬುರುಡೆ ತೆಗೆದಳು. ಅಷ್ಟರಲ್ಲಿ ಗೇಟು ಮುಚ್ಚುವ ಹೊತ್ತಾಗಿತ್ತು.