ಹಂಗೇರಿಯವರು, ಚೀನಾದವರು, ಮತ್ತು ನಿಮ್ಮ ಮಗಳ ಹೆಸರು

ಮಂಜುನಾಥ್ ಅವರೇ,

ಕೆನಡಾದ ಬ್ರ್ಯಾಂಪ್ಟನ್‌ನಲ್ಲಿ ಮನೆ ಮಾಡಿ ಕೆಲಸಕ್ಕೂ ಸೇರಿಕೊಂಡಿದ್ದೀರಿ ಅಂತ ಓದಿ ಖುಷಿಯಾಯಿತು. ನೀವು ಕೇಳಿದ್ದು ಹೀಗಿತ್ತು: "ಅಕ್ಕಾ, ಆಫೀಸಿನಲ್ಲಿ ನನ್ನ ಪಕ್ಕ ಕೂರುವವರ ಅಜ್ಜ ಹಂಗೇರಿಯಿಂದ ಬಂದವರಂತೆ. ಇವರಿಗೆ ಆ ಭಾಷೆಯ ಒಂದು ವಾಕ್ಯವೂ ಬರಲ್ಲ, ಆದರೆ ದೊಡ್ಡ ಹುದ್ದೆಯಲ್ಲಿದ್ದಾರೆ. ಚೀನಾ ಮೂಲದವರು ಓದಿನಲ್ಲಿ ಇವರಿಗಿಂತ ಮುಂದು, ಮಾರ್ಕಂನಲ್ಲಿ ಸ್ವಂತ ಮನೆ, ಮನೆಯಲ್ಲಿ ಅವರದೇ ಭಾಷೆ, ಆದರೂ ಮ್ಯಾನೇಜರ್ ಆಗಿಲ್ಲ. ಯಾರು ಚೆನ್ನಾಗಿ ಬದುಕು ಕಟ್ಟಿಕೊಂಡರು? ಮಗಳನ್ನು ಯಾರ ಹಾಗೆ ಬೆಳೆಸಬೇಕು? ರೆಸ್ಯೂಮೆಯಲ್ಲಿ ಹೆಸರು ಚಿಕ್ಕದು ಮಾಡ್ಕೊಳ್ಳಿ ಅಂತಾರೆ, ಮಾಡಲಾ?"

ತೊಂಬತ್ತರ ದಶಕದ ಕೊನೆಯಿಂದ ನಾನು ಟೊರೊಂಟೊದ ಸ್ಕಾರ್ಬರೋದಲ್ಲಿದ್ದೇನೆ. ಎಡಕ್ಕೂ ಬಲಕ್ಕೂ ಚೀನೀಯರ ಮನೆಗಳು. ಹಂಗೇರಿ ಮೂಲದವರ ಜೊತೆ ಬಹಳ ವರ್ಷ ಕೆಲಸ ಮಾಡಿದ್ದೇನೆ. ನನಗೆ ಅರ್ಥವಾಗಿದ್ದು ಇಷ್ಟು. ಯಾವ ಜನ ಮುಂದೆ ಬಂದರು ಅಂತ ಕೇಳುವ ಮೊದಲು, ಅವರನ್ನು ಈ ದೇಶ ಯಾವ ಬಾಗಿಲಿನಿಂದ ಒಳಗೆ ಬಿಟ್ಟಿತು ಅಂತ ಕೇಳಬೇಕು. ಮೈಗಳ್ಳತನ, ಶ್ರದ್ಧೆ, ಸಂಸ್ಕೃತಿ ಎಲ್ಲ ಆಮೇಲಿನ ಮಾತು.

ಚೀನೀಯರಿಂದ ಶುರು ಮಾಡುತ್ತೇನೆ. 1880ರ ದಶಕದಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಹಳಿ ಹಾಕುವುದಕ್ಕೆ ಸುಮಾರು 15 ಸಾವಿರ ಚೀನೀ ಕೂಲಿಯವರು ಬಂದರು. ಹೆಚ್ಚಿನವರು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಬಡ ಹಳ್ಳಿಗಳವರು. ಬಿಳಿಯರಿಗಿಂತ ಕಡಿಮೆ ಕೂಲಿಗೆ ಬಂಡೆ ಸಿಡಿಸುವಂಥ ಅಪಾಯದ ಕೆಲಸ. ನೂರಾರು ಜನ ಸತ್ತರು. 1885ರಲ್ಲಿ ರೈಲುದಾರಿ ಮುಗಿಯಿತು. ಅದೇ ವರ್ಷ ಸರ್ಕಾರ ಚೀನಾದಿಂದ ಬರುವ ಪ್ರತಿಯೊಬ್ಬರ ಮೇಲೆ 50 ಡಾಲರ್ ತಲೆಗಂದಾಯ ಹಾಕಿತು. 1900ರಲ್ಲಿ ಅದು 100 ಆಯಿತು, 1903ರಲ್ಲಿ 500. ಆಗಿನ ಕೂಲಿಯಲ್ಲಿ 500 ಡಾಲರ್ ಅಂದರೆ ಎರಡು ವರ್ಷದ ದುಡಿಮೆ. ಬೇರೆ ಯಾವ ದೇಶದವರಿಗೂ ಇಂಥ ಕಂದಾಯ ಇರಲಿಲ್ಲ. ಸುಮಾರು 81 ಸಾವಿರ ಜನ ಅದನ್ನು ಕಟ್ಟಿದರು.

ಅದೂ ಸಾಲಲಿಲ್ಲ. 1923ರ ಜುಲೈ 1ರಂದು, ಇಲ್ಲಿನವರು ದೇಶದ ಹಬ್ಬ ಮಾಡುವ ದಿನವೇ, ಚೀನೀಯರ ಪ್ರವೇಶವನ್ನೇ ನಿಲ್ಲಿಸುವ ಕಾನೂನು ಜಾರಿಗೆ ಬಂತು. 1947ರವರೆಗೆ, ಆ 24 ವರ್ಷಗಳಲ್ಲಿ, ಒಳಗೆ ಬಂದವರು 50ಕ್ಕಿಂತ ಕಡಿಮೆ. ಇಲ್ಲಿದ್ದ ಗಂಡಸರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ದಾರಿಯೇ ಇರಲಿಲ್ಲ. ಊರಿಗೆ ದುಡ್ಡು ಕಳಿಸುತ್ತಾ, ಹೆಂಡತಿಯನ್ನು ಜೀವನದಲ್ಲಿ ಎರಡೋ ಮೂರೋ ಸಲ ನೋಡಿ ಸತ್ತವರಿದ್ದಾರೆ. ಒಂದು ಜನಾಂಗಕ್ಕೆ ಎರಡನೇ ತಲೆಮಾರೇ ಹುಟ್ಟದ ಹಾಗೆ ಮಾಡುವುದು ಎಂಥ ಕ್ರೌರ್ಯ ಅನ್ನೋದನ್ನ ಮಕ್ಕಳಿರುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಅವರಿಗೆ ಮತದಾನದ ಹಕ್ಕಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವಕೀಲರಾಗುವಂತಿಲ್ಲ, ಔಷಧಿ ಅಂಗಡಿ ನಡೆಸುವ ಫಾರ್ಮಸಿಸ್ಟ್ ಆಗುವಂತಿಲ್ಲ. 1912ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯ, ಚೀನೀಯರು ಬಿಳಿ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ಕಾನೂನು ತಂದಿತು. ಉಳಿದಿದ್ದೇನು? ಬಟ್ಟೆ ಒಗೆಯುವ ಲಾಂಡ್ರಿ, ಸಣ್ಣ ಹೋಟೆಲು, ತರಕಾರಿ ತೋಟ. ಬ್ಯಾಂಕಿನ ಸಾಲ ಸಿಗುತ್ತಿರಲಿಲ್ಲ. ನಮ್ಮ ಕಡೆ ಚೀಟಿ ಹಾಕುವ ಹಾಗೆ ಅವರವರೇ ದುಡ್ಡು ಸೇರಿಸಿ, ಸರದಿಯಲ್ಲಿ ಎತ್ತಿಕೊಂಡು ಅಂಗಡಿ ಹಾಕಿದರು. ಇವತ್ತು ಜನ "ಚೀನೀಯರ ರಕ್ತದಲ್ಲೇ ವ್ಯಾಪಾರ ಇದೆ, ತಮ್ಮ ತಮ್ಮಲ್ಲೇ ಇರ್ತಾರೆ" ಅಂತಾರಲ್ಲ, ಅದರಲ್ಲಿ ಎಷ್ಟು ಪಾಲು ಈ ಕಾನೂನುಗಳು ಕಲಿಸಿದ ಪಾಠ ಅಂತ ಯೋಚನೆ ಮಾಡಿ.

ಈಗ ಹಂಗೇರಿಯವರು. ಅವರಲ್ಲೂ ಮೊದಲು ಬಂದವರು ರೈತರು. 1886ರಲ್ಲಿ ಸಸ್ಕಾಚೆವಾನ್‌ನಲ್ಲಿ ಎಸ್ಟರ್‌ಹೇಜಿ ಅನ್ನುವ ಊರಿನ ಸುತ್ತ ನೆಲೆಸಿದರು. ಆಮೇಲೆ ಬಂದವರಲ್ಲಿ ಕೆಲವರು ಒಂಟಾರಿಯೊದ ಡೆಲ್ಹೈ ಸುತ್ತ ತಂಬಾಕು ಬೆಳೆದರು. (ಹೌದು, ನಮ್ಮ ದೆಹಲಿಯದೇ ಕಾಗುಣಿತ. ಹೇಳೋದು ಮಾತ್ರ ಡೆಲ್ಹೈ.) ಅವರನ್ನೂ ಮೊದಮೊದಲು ಕೀಳಾಗಿ ನೋಡಿದ್ದುಂಟು. ಆದರೆ ಅವರ ಮೇಲೆ ತಲೆಗಂದಾಯ ಬೀಳಲಿಲ್ಲ, ಹೆಂಡತಿ ಮಕ್ಕಳನ್ನು ಯಾರೂ ತಡೆಯಲಿಲ್ಲ. ಸರ್ಕಾರ ಜಮೀನೇ ಕೊಟ್ಟಿತು.

ದೊಡ್ಡ ಗುಂಪು ಬಂದಿದ್ದು 1956ರ ನಂತರ. ಆ ಅಕ್ಟೋಬರ್‌ನಲ್ಲಿ ಬುಡಾಪೆಸ್ಟಿನ ಜನ ಸೋವಿಯತ್ ಹಿಡಿತದ ವಿರುದ್ಧ ಎದ್ದರು. ನವೆಂಬರ್ 4ಕ್ಕೆ ರಷ್ಯಾದ ಟ್ಯಾಂಕುಗಳು ನುಗ್ಗಿ ಹೊಸಕಿಹಾಕಿದವು. ಸುಮಾರು 2 ಲಕ್ಷ ಜನ ಗಡಿ ದಾಟಿದರು, ಹೆಚ್ಚಿನವರು ಆಸ್ಟ್ರಿಯಾಕ್ಕೆ. ಕೆನಡಾದ ವಲಸೆ ಸಚಿವ ಜ್ಯಾಕ್ ಪಿಕರ್ಸ್‌ಗಿಲ್ ಸ್ವತಃ ವಿಯೆನ್ನಾಕ್ಕೆ ಹೋದರು. ಕಾಗದಪತ್ರದ ಕಟ್ಟುಪಾಡು ಸಡಿಲಿಸಿದರು, ಪ್ರಯಾಣದ ಖರ್ಚನ್ನು ಸರ್ಕಾರವೇ ಹೊತ್ತಿತು. ಒಂದು ವರ್ಷದ ಆಸುಪಾಸಿನಲ್ಲೇ 37 ಸಾವಿರಕ್ಕೂ ಹೆಚ್ಚು ಜನ ಬಂದಿಳಿದರು. ತುಂಬಾ ಮಂದಿ ಚಿಕ್ಕ ವಯಸ್ಸಿನವರು, ಓದಿದವರು, ಕಸುಬು ಗೊತ್ತಿದ್ದವರು. ಕಮ್ಯುನಿಸಂನಿಂದ ಓಡಿಬಂದವರು ಅಂತ ಪತ್ರಿಕೆಗಳು ಅವರನ್ನು ವೀರರ ಹಾಗೆ ಕಂಡವು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಹಂಗೇರಿಯ ಶೋಪ್ರಾನ್ ಊರಿನದು. ಅಲ್ಲಿನ ಅರಣ್ಯಶಾಸ್ತ್ರ ಕಾಲೇಜಿನ ಸುಮಾರು 200 ವಿದ್ಯಾರ್ಥಿಗಳು, ಅವರ ಡೀನ್ ಕಾಲ್ಮಾನ್ ರೋಲರ್, ಇನ್ನಷ್ಟು ಮೇಷ್ಟ್ರುಗಳು ಒಟ್ಟಿಗೆ ದೇಶ ಬಿಟ್ಟರು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಕಾಲೇಜಿಗೆ ಕಾಲೇಜನ್ನೇ ತನ್ನೊಳಗೆ ಸೇರಿಸಿಕೊಂಡಿತು. ಆ ಮೇಷ್ಟ್ರುಗಳೇ ಹಂಗೇರಿಯ ಭಾಷೆಯಲ್ಲೇ ಪಾಠ ಮುಂದುವರಿಸಿದರು, ಜೊತೆಗೆ ಇಂಗ್ಲಿಷ್ ಕಲಿಸಿದರು. ಕೊನೆಯ ತಂಡ 1961ರಲ್ಲಿ ಪದವಿ ಪಡೆದು ಹೊರಬಂತು. ಅವರಲ್ಲಿ ಬಹಳ ಜನ ಕೆನಡಾದ ಕಾಡುಗಳಲ್ಲಿ, ಅರಣ್ಯ ಇಲಾಖೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಹೆಸರು ಮಾಡಿದರು. ಭಾರತದ ಡಿಗ್ರಿ ಹಿಡಿದುಕೊಂಡು ಲೈಸೆನ್ಸ್ ಪರೀಕ್ಷೆಗಳಿಗೆ ಅಲೆಯುವ ಡಾಕ್ಟರು, ಎಂಜಿನಿಯರುಗಳನ್ನು ನೋಡಿದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಮನಸ್ಸು ಮಾಡಿದರೆ ಒಂದು ದೇಶಕ್ಕೆ ಇಷ್ಟೂ ಸಾಧ್ಯ.

ಅದೇ ಬ್ರಿಟಿಷ್ ಕೊಲಂಬಿಯಾ! ಅದಕ್ಕೆ ಹತ್ತು ವರ್ಷ ಹಿಂದಿನವರೆಗೂ, ಅಲ್ಲೇ ಹುಟ್ಟಿ ಬೆಳೆದ ಚೀನೀಯರಿಗೆ ಓಟು ಹಾಕುವ ಹಕ್ಕೂ ಇರಲಿಲ್ಲ.

ಹಂಗೇರಿಯವರ ಮಕ್ಕಳು ಬೇಗ ಬೆರೆತುಹೋದರು. ಟೊರೊಂಟೊದ ಬ್ಲೂರ್ ರಸ್ತೆಯಲ್ಲಿ, ಸ್ಪಡೈನಾದಿಂದ ಪಶ್ಚಿಮಕ್ಕೆ, ಅರವತ್ತು ಎಪ್ಪತ್ತರ ದಶಕದಲ್ಲಿ ಸಾಲುಸಾಲು ಹಂಗೇರಿಯನ್ ಹೋಟೆಲುಗಳಿದ್ದವು. ಈಗ ಆ ಸಾಲು ಇಲ್ಲ. ಕೆನಡಾದಲ್ಲಿ ಹಂಗೇರಿ ಮೂಲದವರು ಅಂತ ಹೇಳಿಕೊಳ್ಳುವವರು 3 ಲಕ್ಷಕ್ಕಿಂತ ಜಾಸ್ತಿ. ಆದರೆ ಅವರಲ್ಲಿ ಬಹುಪಾಲು ಜನ ಹಂಗೇರಿಯ ಜೊತೆ ಇನ್ನೊಂದು ಮೂಲವನ್ನೂ ಬರೆಸುತ್ತಾರೆ. ಅಜ್ಜಿ ಹಂಗೇರಿ, ತಾತ ಸ್ಕಾಟ್ಲೆಂಡ್, ಹೀಗೆ. ಎರಡನೇ ತಲೆಮಾರಿಗೆ ಅವರ ಸಂಬಳ, ಮನೆ, ಹುದ್ದೆ ಎಲ್ಲ ಬೇರೆ ಬಿಳಿಯರ ಥರವೇ ಆಗಿಬಿಡುತ್ತದೆ. ಕೂತು ಮಾತಾಡಿದರೆ ಉಚ್ಚಾರಣೆಯಲ್ಲಿ ಗೊತ್ತಾಗಲ್ಲ, ಮುಖ ನೋಡಿದರೂ ಗೊತ್ತಾಗಲ್ಲ. ನಿಮ್ಮ ಪಕ್ಕದವರು ಮೇಲೆ ಹೋಗಲು ಭಾಷೆ ಬಿಟ್ಟಿದ್ದು ಕಾರಣ ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗನ್ನಿಸುವುದಿಲ್ಲ. ಅವರು ಭಾಷೆ ಉಳಿಸಿಕೊಂಡಿದ್ದರೂ ಮೇಲೆ ಹೋಗುತ್ತಿದ್ದರು.

ಚೀನೀಯರ ಬಾಗಿಲು ಸರಿಯಾಗಿ ತೆರೆದದ್ದು 1967ರ ವಲಸೆಯ ಪಾಯಿಂಟ್ ಪದ್ಧತಿಯಿಂದ. ಓದು, ವಯಸ್ಸು, ಭಾಷೆ, ಕಸುಬಿಗೆ ಅಂಕ. ಹುಟ್ಟಿದ ದೇಶಕ್ಕೆ ಅಂಕವಿಲ್ಲ. ಎಂಬತ್ತರ ದಶಕದಲ್ಲಿ, 1997ರಲ್ಲಿ ಹಾಂಗ್‌ಕಾಂಗ್ ಚೀನಾದ ಕೈಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ, ಬಂಡವಾಳ ಇದ್ದವರೂ ಬಂದರು. ಹಾಗಾಗಿ ನೀವು ಮಾರ್ಕಂನಲ್ಲಿ ನೋಡುವ ಮನೆಗಳು ರೈಲು ಕೂಲಿಗಳ ಮೊಮ್ಮಕ್ಕಳದ್ದು ಅಂತ ತಿಳಿಯಬೇಡಿ. ಬಹಳಷ್ಟು, ಓದು ಮತ್ತು ದುಡ್ಡು ಎರಡನ್ನೂ ಜೊತೆಗೆ ತಂದವರದ್ದು. ಈಗ ಕೆನಡಾದಲ್ಲಿ ಚೀನಾ ಮೂಲದವರು ಸುಮಾರು 17 ಲಕ್ಷ, ಹೆಚ್ಚಿನವರು ಹೊರಗೆ ಹುಟ್ಟಿದವರೇ. ಭಾಷೆ ಉಳಿದಿರುವುದೂ ಅದಕ್ಕೇ. ಹೊಸಬರು ಬರುತ್ತಲೇ ಇದ್ದಾರೆ. ನನ್ನ ಪಕ್ಕದ ಮನೆಯ ಮೂರನೇ ತಲೆಮಾರಿನ ಹುಡುಗಿಗೆ ಅವರ ಮನೆಮಾತಾದ ಕ್ಯಾಂಟೊನೀಸ್‌ನಲ್ಲಿ ಊಟದ ಹೆಸರು ಬಿಟ್ಟರೆ ಏನೂ ಬರಲ್ಲ.

ಇಲ್ಲಿ ಹುಟ್ಟಿದ ಚೀನೀ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಿಶ್ವವಿದ್ಯಾಲಯದ ಪದವಿ ಪಡೆಯುತ್ತಾರೆ. ಸರಾಸರಿಗಿಂತ ಎಷ್ಟೋ ಮೇಲೆ. ಆದರೆ ಚೀನೀ ಸಮುದಾಯದಲ್ಲಿ ಬಡತನದ ಪ್ರಮಾಣವೂ ದೇಶದ ಸರಾಸರಿಗಿಂತ ಜಾಸ್ತಿ ಅನ್ನೋದನ್ನ ಯಾರೂ ನಿಮಗೆ ಹೇಳುವುದಿಲ್ಲ. ಹೊಸದಾಗಿ ಬಂದವರು, ಇಂಗ್ಲಿಷ್ ಬಾರದ ಹಿರಿಯರು, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು ನಿಮ್ಮ ಆಫೀಸಿನಲ್ಲಿ ಕಾಣುವುದಿಲ್ಲ ಅಷ್ಟೆ. ಹಂಗೇರಿಯವರಲ್ಲೂ ಹೀಗೆಯೇ. ತೊಂಬತ್ತರ ದಶಕದ ಕೊನೆಯಲ್ಲಿ, ಮತ್ತೆ 2008ರ ನಂತರ, ಅಲ್ಲಿನ ಹಿಂಸೆಯಿಂದ ಓಡಿಬಂದು ಆಶ್ರಯ ಕೇಳಿದ, ಹಂಗೇರಿಯ ಅಲ್ಪಸಂಖ್ಯಾತರಾದ ರೋಮಾ ಜನರಿಗೆ 1956ರ ಸ್ವಾಗತ ಸಿಗಲಿಲ್ಲ. ಎಷ್ಟೋ ಜನರನ್ನು ವಾಪಸ್ ಕಳಿಸಿದರು. ದೇಶ ಅದೇ, ಬಾಗಿಲು ಬೇರೆ.

ಓದಿದ ಚೀನೀ ಮಕ್ಕಳಿಗೆ ತಡೆ ಎಲ್ಲಿದೆ ಅಂದರೆ, ಅವರನ್ನು ಎಷ್ಟು ತಲೆಮಾರು ಕಳೆದರೂ ಹೊರಗಿನವರು ಅಂತ ನೋಡುವುದರಲ್ಲಿ. 1979ರಲ್ಲಿ ಇಲ್ಲಿನ ಸಿಟಿವಿ ಅನ್ನುವ ಟೀವಿ ಚಾನೆಲ್‌ನ ಒಂದು ಕಾರ್ಯಕ್ರಮ, ವಿದೇಶಿ ವಿದ್ಯಾರ್ಥಿಗಳು ಕೆನಡಾದವರ ಸೀಟು ಕಿತ್ತುಕೊಳ್ಳುತ್ತಿದ್ದಾರೆ ಅಂತ ತೋರಿಸಿತು. ತೆರೆಯ ಮೇಲಿದ್ದ ಚೀನೀ ಮುಖದ ವಿದ್ಯಾರ್ಥಿಗಳು ಕೆನಡಾದವರೇ ಆಗಿದ್ದರು. ಸಮುದಾಯ ಸುಮ್ನಿರಲಿಲ್ಲ. ಊರೂರಿನಲ್ಲಿ ಪ್ರತಿಭಟನೆ ನಡೆಯಿತು, ಚಾನೆಲ್ ಕ್ಷಮೆ ಕೇಳಿತು, 1980ರಲ್ಲಿ ಒಂದು ರಾಷ್ಟ್ರೀಯ ಸಂಘಟನೆಯೇ ಹುಟ್ಟಿತು. ತಲೆಗಂದಾಯಕ್ಕೆ ಪರಿಹಾರ ಬೇಕು ಅಂತ ಹೋರಾಡಿದವರೂ ಅವರೇ. 2006ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಬದುಕಿದ್ದವರಿಗೆ, ಸತ್ತವರ ಹೆಂಡತಿಯರಿಗೆ 20 ಸಾವಿರ ಡಾಲರ್ ಸಿಕ್ಕಿತು. ಕಟ್ಟಿದವರಲ್ಲಿ ಬಹುಪಾಲು ಜನ ಆಗಲೇ ಇರಲಿಲ್ಲ.

2003ರಲ್ಲಿ ಟೊರೊಂಟೊಗೆ ಸಾರ್ಸ್ ಸೋಂಕು ಬಂದಾಗ ನಾನಿಲ್ಲೇ ಇದ್ದೆ. ಚೀನೀ ಹೋಟೆಲುಗಳು ಖಾಲಿ ಹೊಡೆದವು. ಬಸ್ಸಿನಲ್ಲಿ ಚೀನೀ ಮುಖದವರ ಪಕ್ಕ ಜನ ಕೂರುತ್ತಿರಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಮತ್ತೆ ಅದೇ. ಹಂಗೇರಿ ಮೂಲದವರಿಗೆ ಇಂಥ ದಿನ ಬರುವುದಿಲ್ಲ.

ನಾವು ಯಾರ ಹತ್ತಿರ ಅಂತ ಕೇಳಿದರೆ, ಚೀನೀಯರ ಹತ್ತಿರ. 1908ರಲ್ಲಿ ಭಾರತದಿಂದ ಎಲ್ಲೂ ನಿಲ್ಲದೆ ನೇರ ಬಂದರೆ ಮಾತ್ರ ಪ್ರವೇಶ ಅಂತ ನಿಯಮ ಮಾಡಿ ನಮ್ಮವರನ್ನು ತಡೆದರು. 1914ರಲ್ಲಿ ಕೊಮಗಾಟ ಮಾರು ಹಡಗಿನ 376 ಜನರಲ್ಲಿ 24 ಮಂದಿಗೆ ಮಾತ್ರ ಇಳಿಯಲು ಬಿಟ್ಟು ಉಳಿದವರನ್ನು ವ್ಯಾಂಕೂವರ್‌ನಿಂದಲೇ ಹಿಂದೆ ಅಟ್ಟಿದರು. ಬ್ರಿಟಿಷ್ ಕೊಲಂಬಿಯಾದಲ್ಲಿ ನಮ್ಮವರಿಗೂ ಓಟು ಸಿಕ್ಕಿದ್ದು ಚೀನೀಯರ ಜೊತೆಗೇ, 1947ರಲ್ಲಿ. ಅವರು ಬಡಿದು ತೆಗೆಸಿದ ಬಾಗಿಲಲ್ಲೇ ನಾನೂ ನೀವೂ ಒಳಗೆ ಬಂದದ್ದು. ನಮ್ಮ ಕನ್ನಡ ಕೂಟಗಳಲ್ಲಿ ಚೀನೀಯರನ್ನು ಆಡಿಕೊಳ್ಳುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. "ನಮ್ಮವರು ಜಾಣರು, ಅದಕ್ಕೇ ಮುಂದೆ ಬಂದೆವು" ಅನ್ನೋದೂ ಅಷ್ಟೇ. ಅಂಕ ಹಾಕಿ ಆರಿಸಿ ತಂದರೆ ಯಾವ ಊರಿನವರೂ ಜಾಣರಾಗಿಯೇ ಕಾಣುತ್ತಾರೆ.

ಮಗಳ ವಿಷಯ. ಕನ್ನಡ ಬಿಡಿಸಬೇಡಿ. ಬಿಡಿಸಿದರೆ ಹಂಗೇರಿಯವರ ಲಾಭ ಸಿಗುವುದಿಲ್ಲ, ನಷ್ಟ ಮಾತ್ರ ಸಿಗುತ್ತದೆ. ಒಂಟಾರಿಯೊದಲ್ಲಿ ಸಾಕಷ್ಟು ಪೋಷಕರು ಸೇರಿ ಕೇಳಿದರೆ ಶಾಲಾ ಮಂಡಳಿಯೇ ಮನೆಮಾತಿನ ತರಗತಿ ನಡೆಸುತ್ತದೆ. ಬ್ರ್ಯಾಂಪ್ಟನ್‌ನಲ್ಲಿ ನಾಲ್ಕು ಕನ್ನಡ ಮನೆಗಳನ್ನು ಹುಡುಕಿ, ಅವರಿಂದ ಇನ್ನು ನಾಲ್ಕು. ಹಾಗೆಯೇ ನಮ್ಮವರ ಮನೆಗಳಿಗಷ್ಟೇ ಕರೆದುಕೊಂಡು ಹೋಗಬೇಡಿ. ಹಾಕಿ ಆಟ, ಈಜು, ಬಡಾವಣೆಯ ಲೈಬ್ರರಿ, ಎಲ್ಲ ಕಡೆ ಇರಲಿ. ಆಫೀಸಿನಲ್ಲಿ ನೀವೂ ನಮ್ಮವರ ಜೊತೆಗೇ ಊಟಕ್ಕೆ ಕೂರಬೇಡಿ. ಬಡ್ತಿಯ ಮಾತು ನಡೆಯುವುದು ಮೀಟಿಂಗಿಗಿಂತ ಊಟದ ಮೇಜಿನಲ್ಲೇ ಜಾಸ್ತಿ. ಪೌರತ್ವ ಬಂದ ಕೂಡಲೇ ಓಟು ಹಾಕಿ, ಶಾಲಾ ಮಂಡಳಿಯ ಚುನಾವಣೆಗೂ.

ಇನ್ನು ರೆಸ್ಯೂಮೆಯ ಹೆಸರು. ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೊಪೌಲಸ್ ಟೊರೊಂಟೊ ಪ್ರದೇಶದ ಕಂಪನಿಗಳಿಗೆ ಸಾವಿರಾರು ಕಾಲ್ಪನಿಕ ರೆಸ್ಯೂಮೆ ಕಳಿಸಿ ನೋಡಿದ್ದರು. ಓದು, ಅನುಭವ ಎಲ್ಲ ಕೆನಡಾದ್ದೇ. ಇಂಗ್ಲಿಷ್ ಹೆಸರಿಗೆ ನೂರಕ್ಕೆ 16 ಕಡೆಯಿಂದ ಕರೆ ಬಂತು. ಚೀನೀ, ಭಾರತೀಯ, ಪಾಕಿಸ್ತಾನಿ ಹೆಸರಿಗೆ ಸುಮಾರು 11. ಹಾಗಾಗಿ ನಿಮಗೆ ಸಲಹೆ ಕೊಟ್ಟವರು ಸುಳ್ಳು ಹೇಳಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದೂ ಇದೆ. ಅನುಭವ ಎಲ್ಲ ಹೊರದೇಶದ್ದೇ ಆಗಿದ್ದರೆ ಕರೆ ಇನ್ನೂ ಕಡಿಮೆ, ಇಲ್ಲಿನ ಕೆಲಸದ ಅನುಭವ ಸೇರಿದರೆ ಸಾಕಷ್ಟು ಏರುತ್ತದೆ. ನಿಮಗೆ ಈಗ ಇಲ್ಲಿ ಕೆಲಸ ಇದೆ. ಒಂದೆರಡು ವರ್ಷ ಗಟ್ಟಿಯಾಗಿ ಮಾಡಿ, ಅದನ್ನು ರೆಸ್ಯೂಮೆಯ ತಲೆಯಲ್ಲಿ ಹಾಕಿ. ಮಂಜುನಾಥ್ ಅನ್ನೋದು ಮ್ಯಾಟ್ ಆಗುವುದು ಬೇಡ ಅಂತ ನನ್ನ ಅಭಿಪ್ರಾಯ. ಆದರೆ ಮನೆ ಬಾಡಿಗೆ ಕಟ್ಟಲು ಕಷ್ಟವಿದ್ದ ಕಾಲದಲ್ಲಿ ಹೆಸರು ಮೊಟಕು ಮಾಡಿಕೊಂಡವರನ್ನು ನಾನು ತಪ್ಪು ಅನ್ನುವುದಿಲ್ಲ. ಮಗಳ ಹೆಸರನ್ನು ಮಾತ್ರ ಶಾಲೆಯಲ್ಲಿ ಪೂರ್ತಿ ಬರೆಸಿ. ಮೊದಲ ದಿನವೇ ಟೀಚರಿಗೆ ಎರಡು ಸಲ ಹೇಳಿಕೊಡಿ. ಕಲಿಯುತ್ತಾರೆ.