ತೇಗದ ಮೇಜಿನ ಕಾಲು: ಟೇಪರ್ ಎಲ್ಲಿಂದ ಶುರುವಾಗಬೇಕು

ಸರ್, ನಮ್ಮ ಮರಗೆಲಸದ ಗುಂಪಿನಲ್ಲಿ ನೀವು ಹಾಕಿದ ಮೇಜಿನ ಕಾಲುಗಳ ಫೋಟೋ ನೋಡಿದೆ. ಉಳಿದ ಎರಡು ಕಾಲುಗಳನ್ನು ದಯವಿಟ್ಟು ಈಗಲೇ ಕತ್ತರಿಸಬೇಡಿ. ಕತ್ತರಿಸಿದ ಎರಡರಲ್ಲಿ ಎರಡೂವರೆ ಇಂಚಿನ ತೇಗವನ್ನು ತಲೆಯಿಂದಲೇ ನಾಲ್ಕೂ ಮುಖ ಟೇಪರ್ ಮಾಡಿ, ಅಂದರೆ ಕೆಳಗೆ ಹೋದಂತೆ ತೆಳ್ಳಗಾಗುವ ಹಾಗೆ ಇಳಿಸಿ, ತುದಿಯಲ್ಲಿ ಒಂದೂವರೆಗೆ ತಂದಿದ್ದೀರಿ. ಮಾರ್ಟಿಸ್ (ಜೋಡಣೆಗೆ ಕಾಲಿನಲ್ಲಿ ಕೊರೆಯುವ ತೂತು) ಇನ್ನೂ ಹೊಡೆದಿಲ್ಲ. ಏಪ್ರನ್, ಅಂದರೆ ಮೇಜಿನ ಹಲಗೆಯ ಕೆಳಗೆ ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿ, ಹಿಡಿದು ನೋಡಿದರೆ ಕೆಳಗಡೆ ಗ್ಯಾಪ್ ಕಾಣ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಗ್ಯಾಪ್ ಬರದೆ ಇರುವುದಿಲ್ಲ. 29 ಇಂಚು ಉದ್ದದಲ್ಲಿ ಒಂದೊಂದು ಮುಖ ಅರ್ಧ ಇಂಚು ಒಳಗೆ ಹೋಗಿದೆ. ನಾಲ್ಕು ಇಂಚಿನ ಏಪ್ರನ್ ಕೆಳ ಅಂಚಿಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ 2 ಮಿ.ಮೀ. ಬಾಯಿ ಬಿಡುತ್ತದೆ. ಅದಕ್ಕೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬಬೇಡಿ. ನನ್ನ ಮೊದಲ ಮೇಜಿಗೆ ಹಾಗೇ ತುಂಬಿದ್ದೆ. ಬೇಸಿಗೆಗೆ ಬಿರುಕು ಬಿಟ್ಟಿತು, ಆಮೇಲೆ ಕಾಲು ಅಲ್ಲಾಡೋಕೆ ಶುರುವಾಯಿತು. ಟೆನನ್ (ಮಾರ್ಟಿಸ್‌ನೊಳಗೆ ಕೂರುವ ಏಪ್ರನ್ನಿನ ನಾಲಗೆ) ಪಕ್ಕದ ಶೋಲ್ಡರ್, ಅಂದರೆ ಮೆಟ್ಟಿಲಿನಂಥ ಅಂಚು, ಪೂರ್ತಿ ಕಾಲಿಗೆ ಒತ್ತಿ ಕೂತರೆ ಮಾತ್ರ ಮೇಜು ಅಲುಗಾಡುವುದಿಲ್ಲ.

ಉಳಿದ ಎರಡಕ್ಕೆ ನನ್ನ ಲೆಕ್ಕ ಹೀಗಿದೆ. ಮೇಲಿನ ಐದು ಇಂಚು ಚೌಕವಾಗಿಯೇ ಇರಲಿ. ಏಪ್ರನ್ ನಾಲ್ಕು ಇಂಚು, ಅದರ ಕೆಳಗೆ ಒಂದು ಇಂಚು ಬಿಟ್ಟು ಟೇಪರ್ ಶುರು. ಉಳಿದ 24 ಇಂಚಿನಲ್ಲಿ ಒಂದು ಇಂಚು ಇಳಿಯಲಿ, ಅದೂ ಒಳಗಿನ ಎರಡು ಮುಖಗಳಲ್ಲಿ ಮಾತ್ರ. ಹೊರಗಿನ ಎರಡು ಮುಖ ನೇರ. ಶೇಕರ್ ಮೇಜುಗಳಲ್ಲಿ (ಅಮೆರಿಕದ ಶೇಕರ್ ಪಂಥದವರ ಸರಳ ಶೈಲಿ) ಹೆಚ್ಚಾಗಿ ಕಾಣುವುದೂ ಇದೇ. ಹೊರಗಡೆಯೂ ಇಳಿಸಿದರೆ ಪಾದಗಳು ಒಳಕ್ಕೆ ಬಂದು, ಮೇಜು ಮೊಣಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ.

ಮಾರ್ಟಿಸ್ ಮೊದಲು, ಟೇಪರ್ ಆಮೇಲೆ. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಇದನ್ನೇ ಹಿಂದುಮುಂದು ಮಾಡ್ತಾರೆ. ಕಾಲು ಚೌಕ ಇರುವಾಗ ಗೆರೆ ಹಾಕುವ ಗೇಜ್ ಸರಿಯಾಗಿ ಓಡುತ್ತದೆ, ಕ್ಲಾಂಪ್ ಗಟ್ಟಿ ಕೂರುತ್ತದೆ. ಇನ್ನೊಂದು ಲಾಭ: ಮಾರ್ಟಿಸ್ ಇರುವ ಮುಖವೇ ಟೇಪರ್ ಮುಖ, ತಪ್ಪು ಮುಖ ಕತ್ತರಿಸುವ ಭಯವಿಲ್ಲ. ತಲೆಯ ಕಡೆ ಒಂದು ಇಂಚು ಜಾಸ್ತಿ ಉದ್ದ ಬಿಟ್ಟು ಮಾರ್ಟಿಸ್ ಹೊಡೆಯಿರಿ, ಮರ ಸೀಳುವುದಿಲ್ಲ. ಆ ತುಂಡನ್ನು ಕೊನೆಗೆ ಕತ್ತರಿಸಿದರಾಯಿತು.

ಟೇಬಲ್ ಸಾ (ಮೇಜಿನೊಳಗಿಂದ ಬ್ಲೇಡ್ ಏಳುವ ಯಂತ್ರಗರಗಸ) ಇದ್ದವರು ಪ್ಲೈವುಡ್ ಸ್ಲೆಡ್, ಅಂದರೆ ಕಾಲನ್ನು ಹೊತ್ತು ಜಾರುವ ಹಲಗೆ, ಮಾಡಿಕೊಳ್ಳಿ. ಕಾಲನ್ನು ಹಿಡಿ ಒತ್ತಿದರೆ ಬಿಗಿಯುವ ಟಾಗಲ್ ಕ್ಲಾಂಪ್‌ನಿಂದ ಎರಡು ಕಡೆ ಬಿಗಿಯಿರಿ. ಮೊದಲ ಮುಖ ಕತ್ತರಿಸಿದ ಮೇಲೆ ಆ ಮುಖ ಮೇಲಕ್ಕೆ ಬರುವಂತೆ ತಿರುಗಿಸಿ. ಆಗ ಸ್ಲೆಡ್‌ಗೂ ಬೇಲಿಗೂ (ಫೆನ್ಸ್, ಕಾಲು ಒರಗುವ ಪಟ್ಟಿ) ತಾಗುವುದು ನೇರ ಮುಖಗಳೇ. ಆನ್‌ಲೈನ್‌ನಲ್ಲಿ ಸಿಗುವ ಆ ಕತ್ತರಿಯಂತೆ ಬಿಚ್ಚುವ ಅಲ್ಯೂಮಿನಿಯಂ ಟೇಪರ್ ಜಿಗ್ ಬೇಡವೇ ಬೇಡ. ಕಾಲನ್ನು ಕೈಯಲ್ಲೇ ಹಿಡಿದು ದೂಡಬೇಕು, ಕೈ ಬ್ಲೇಡ್ ಪಕ್ಕದಲ್ಲೇ ಹೋಗುತ್ತದೆ. ನಿಮ್ಮ ಎರಡನೇ ಫೋಟೋದಲ್ಲಿ ಬ್ಲೇಡ್ ಗಾರ್ಡ್ ತೆಗೆದಿಟ್ಟಿದ್ದೀರಿ, ಕೈಯಲ್ಲಿ ಮರ ದೂಡುವ ಪುಶ್ ಸ್ಟಿಕ್ ಇಲ್ಲ. ಇದು ಸರಿಯಲ್ಲ ಸರ್. ಬೆರಳು ಹೋದರೆ ಮತ್ತೆ ಬರಲ್ಲ.

ನನಗೆ ಇಷ್ಟವಾದದ್ದು ಕೀಸುಳಿ. ಗೆರೆಯಿಂದ 2 ಮಿ.ಮೀ. ಹೊರಗೆ ಗರಗಸದಲ್ಲಿ ಕೊಯ್ದು, ಉಳಿದದ್ದನ್ನು ಕೈಯಲ್ಲೇ ಇಳಿಸುತ್ತೇನೆ. ಟೇಪರ್ ಉದ್ದವನ್ನು ಪೆನ್ಸಿಲ್‌ನಲ್ಲಿ ನಾಲ್ಕು ಭಾಗ ಮಾಡಿ. ಮೊದಲು ಪಾದದ ಭಾಗ ಮಾತ್ರ ಕೆಲವು ಸಲ ಹೆರೆಯಿರಿ. ಆಮೇಲೆ ಅದರ ಮೇಲಿನ ಭಾಗದಿಂದ ಶುರುಮಾಡಿ ಪಾದದವರೆಗೆ. ಹೀಗೇ ಒಂದೊಂದು ಭಾಗ ಹಿಂದಕ್ಕೆ ಸರಿಯುತ್ತಾ ಶುರುವಿನ ಗೆರೆಗೆ ಬನ್ನಿ. ಯಾವಾಗಲೂ ದಪ್ಪದಿಂದ ತೆಳುವಿನ ಕಡೆಗೇ ತಳ್ಳಿ. ತಿರುಗಿಸಿ ತಳ್ಳಿದರೆ ನಾರು ಎದ್ದು ಬರುತ್ತದೆ. ಕೊನೆಗೆ ಪಾದದವರೆಗೆ ತುಂಡಾಗದ ಒಂದೇ ಸುರುಳಿ ಬಂತು ಅಂದ್ರೆ ಮುಖ ಚಪ್ಪಟೆಯಾಗಿದೆ. ಸ್ಟಾನ್ಲಿ ನಂಬರ್ 5 ಕೀಸುಳಿ ಇದಕ್ಕೆ ಸಾಕು, ಆದರೆ ಹೊಸದನ್ನು ಹಾಗೇ ಬಳಸಬೇಡಿ, ಬ್ಲೇಡ್ ಮಸೆಯಲೇಬೇಕು. ತೇಗದಲ್ಲಿ ಸಿಲಿಕಾ ಇದೆ, ಅಲಗು ಬೇಗ ಮೊಂಡಾಗುತ್ತದೆ. ನಡುನಡುವೆ ಮಸೆಯುತ್ತಿರಿ.

ಶುರುವಿನ ಗೆರೆ ಚೂಪಾಗಿ ಕಾಣಬೇಕು. ಅಲ್ಲಿ ಆರ್ಬಿಟಲ್ ಸ್ಯಾಂಡರ್ ಓಡಿಸಿದರೆ ಉರುಟಾಗಿ ಹೋಗುತ್ತದೆ. ಮರದ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಕೈಯಲ್ಲೇ ಉಜ್ಜಿ.

ಮರದ ವಿಷಯಕ್ಕೂ ಬರ್ತೀನಿ. ಫೋಟೋದ ಎಡಗಡೆ ಕಾಲಿನ ತುದಿಯಲ್ಲಿ ತಿರುಳು (ಮರದ ನಟ್ಟನಡುವಿನ ಮೆತ್ತನೆ ಭಾಗ) ಕಾಣ್ತಿದೆ. ಮಿಲ್‌ನವರು ಕೊಟ್ಟರು ಅಂತ ತಂದುಬಿಡಬೇಡಿ, ಅಂಥ ತುಂಡು ಒಣಗುವಾಗ ಸೀಳು ಬಿಡುತ್ತದೆ. ತುದಿಯಲ್ಲಿ ಬೆಳವಣಿಗೆಯ ಗೆರೆಗಳು ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗಿರುವ ತುಂಡು ಆರಿಸಿ, ನಾಲ್ಕೂ ಮುಖದಲ್ಲಿ ನೇರ ನಾರು ಸಿಗುತ್ತದೆ. ಸಿಲ್ವರ್ ಓಕ್, ಅಕೇಶಿಯಾ ಬಳಸುವವರಂತೂ ಸ್ವಲ್ಪ ದಪ್ಪಗೆ ಕೊಯ್ದು ಒಂದು ವಾರವಾದರೂ ಬಿಟ್ಟು, ಡೊಂಕು ಬಂದಿದೆಯಾ ನೋಡಿ ಮುಂದುವರಿಯಿರಿ.

ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ. ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಜಾಯಿಂಟ್ ಒರೆಸಿ. ಮನೆಯೊಳಗಿನ ಮೇಜಿಗೆ ಫೆವಿಕಾಲ್ ಎಸ್‌ಎಚ್ ಸಾಕು. ಅಡುಗೆಮನೆಯಲ್ಲಿ ನೀರು ಬೀಳುವ ಕಡೆಗಾದರೆ ಫೆವಿಕಾಲ್ ಮರೀನ್.

ಇನ್ನು ಕತ್ತರಿಸಿಟ್ಟ ಆ ಎರಡು ಕಾಲು. ತಿರುಳಿರುವುದನ್ನು ಬಿಟ್ಟುಬಿಡಿ. ಇನ್ನೊಂದು ಚೆನ್ನಾಗಿದೆ, ಆದರೆ ಹೊಸ ಕಾಲುಗಳ ಜೊತೆ ಹೊಂದುವುದಿಲ್ಲ, ಒಳಮುಖ ಹೊರಮುಖ ಎರಡೂ ಬೇರೆ. ಅದನ್ನು ಸ್ಟೂಲಿಗೆ ಎತ್ತಿಡಿ. ಅಲ್ಲಿ ಶೋಲ್ಡರನ್ನು ಬೆವೆಲ್ ಗೇಜಿನಿಂದ (ಓರೆ ಅಳೆಯುವ ಸಾಧನ) ಅಳೆದು ಸುಮಾರು 1 ಡಿಗ್ರಿ ಓರೆ ಕತ್ತರಿಸಿದರೆ ಗ್ಯಾಪ್ ಹೋಗುತ್ತದೆ. ಏಪ್ರನ್ ಕೆಳ ಅಂಚು ಮೇಲಿನದಕ್ಕಿಂತ ಒಂಚೂರು ಉದ್ದ ಬರಬೇಕು, ನೆನಪಿರಲಿ. ಟೇಪರ್ ಕತ್ತರಿಸಿದಾಗ ಬಿದ್ದ ಬೆಣೆಯಂಥ ತುಂಡುಗಳನ್ನು ಒಲೆಗೆ ಹಾಕಬೇಡಿ, ಓರೆ ಮುಖಕ್ಕೆ ಕ್ಲಾಂಪ್ ಹಾಕುವಾಗ ಅವೇ ಬೇಕು. ಮೇಜಿಗೆ ಹೊಸದಾಗಿ ಎರಡು ಕಾಲಿನ ತೇಗ ತರುವಾಗ ತುದಿ ನೋಡಿ ಆರಿಸಿ, ಫೋಟೋ ಹಾಕಿ. ಮಾರ್ಟಿಸ್ ಗೆರೆ ಎಳೆದ ಮೇಲೂ ಒಂದು ಹಾಕಿ, ಉಳಿ ಹಿಡಿಯುವ ಮುಂಚೆ ನೋಡ್ತೀನಿ.